ನಮ್ಮತ್ತ ತಿರುಗಿದ ಮುಖ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮಗೆಲ್ಲ ಗೊತ್ತು. ಹತ್ತಿರ ಹೋದಾಗಲೇ ಕಲ್ಲು, ಮುಳ್ಳು, ಕಮರಿ ಕಣ್ಣಿಗೆ ಬೀಳುತ್ತವೆ. ಈ ಗಾದೆ ದೂರದ ಮಾತನ್ನು ಹೇಳುತ್ತದೆ, ದಿಕ್ಕಿನ ಮಾತನ್ನು ಹೇಳುವುದಿಲ್ಲ. ಒಂದೇ ಬೆಟ್ಟ ಪಶ್ಚಿಮದಿಂದ ನೋಡಿದವನಿಗೆ ದಟ್ಟ ಕಾಡು, ಪೂರ್ವದಿಂದ ನೋಡಿದವನಿಗೆ ಬೋಳು ಬಂಡೆ. ಇಬ್ಬರೂ ವಾದಕ್ಕೆ ನಿಂತರೆ ಯಾರನ್ನು ಸುಳ್ಳುಗಾರ ಎನ್ನೋಣ?

ಮನುಷ್ಯರ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಒಬ್ಬ ವ್ಯಕ್ತಿಯ ಯಾವ ಮುಖ ನಮ್ಮ ಕಡೆಗೆ ತಿರುಗಿದೆಯೋ ಅದನ್ನಷ್ಟೇ ಕಂಡು, "ಅವನು ಇಂಥವನು" ಎಂದು ತೀರ್ಪು ಕೊಡುವ ಹಕ್ಕು ನಮಗಿದೆಯೇ? ಇಲ್ಲ ಎಂದಾದರೆ, ಕಣ್ಣೆದುರು ಅನ್ಯಾಯ ನಡೆಯುವಾಗಲೂ ಬಾಯಿ ಮುಚ್ಚಿಕೊಂಡಿರಬೇಕೇ? ಈ ಎರಡು ಪ್ರಶ್ನೆಗಳನ್ನು ಯೋಚಿಸಲು ಈ ವಾರ ನಿಮ್ಮನ್ನು ಕೋಟ್ಯಂತರ ಜ್ಯೋತಿರ್ವರ್ಷಗಳ ಆಚೆಗೆ ಕರೆದೊಯ್ಯಬೇಕೆಂದಿದ್ದೇನೆ. ಗಾಬರಿಯಾಗಬೇಡಿ, ಕೊನೆಗೆ ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಲ್ಲುತ್ತೇವೆ.

ನಕ್ಷತ್ರವೆಂದು ಹೆಸರಿಟ್ಟದ್ದು

1929ರಲ್ಲಿ ಜರ್ಮನಿಯ ಖಗೋಳ ವಿಜ್ಞಾನಿ ಕೂನೋ ಹಾಫ್‌ಮೈಸ್ಟರ್ 'ಹಲ್ಲಿ' ಎಂಬ ಹೆಸರಿನ ನಕ್ಷತ್ರಪುಂಜದಲ್ಲಿ ಒಂದು ಚುಕ್ಕಿಯನ್ನು ಗುರುತಿಸಿದರು. ಅದರ ಬೆಳಕು ಒಮ್ಮೆ ಹೆಚ್ಚುತ್ತಿತ್ತು, ಒಮ್ಮೆ ಕುಗ್ಗುತ್ತಿತ್ತು. ಹೀಗೆ ಬೆಳಕು ಬದಲಾಗುವ ನಕ್ಷತ್ರಗಳು ಎಷ್ಟೋ ಇವೆ. ಆ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಬಿ.ಎಲ್. ಲ್ಯಾಸರ್ಟೆ ಎಂದು ಹೆಸರಿಟ್ಟರು. ಸುಮಾರು 40 ವರ್ಷ ಅದು ನಕ್ಷತ್ರವೆಂದೇ ನಡೆದುಕೊಂಡು ಬಂತು.

1968ರಲ್ಲಿ ಅದೇ ಜಾಗದಿಂದ ಬಲವಾದ ರೇಡಿಯೋ ಅಲೆಗಳು ಬರುತ್ತಿರುವುದು ತಿಳಿಯಿತು. 1974ರಲ್ಲಿ ಅದರ ದೂರದ ಲೆಕ್ಕ ಸಿಕ್ಕಿತು: ಸುಮಾರು 90 ಕೋಟಿ ಜ್ಯೋತಿರ್ವರ್ಷ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆ ವೇಗದಲ್ಲಿ ಒಂದು ವರ್ಷ ಓಡಿದ ದೂರವೇ ಒಂದು ಜ್ಯೋತಿರ್ವರ್ಷ. 90 ಕೋಟಿ ಜ್ಯೋತಿರ್ವರ್ಷ ದೂರದ ಒಂಟಿ ನಕ್ಷತ್ರ ಹಾಗೆ ಹೊಳೆಯಲಾರದು. ಅದು ನಕ್ಷತ್ರಗಳ ಮಹಾಸಮೂಹವಾದ ಒಂದು ಗೆಲಾಕ್ಸಿಯ ನಡುಭಾಗವಾಗಿತ್ತು. ವಿಜ್ಞಾನಿಗಳು ತಿಳುವಳಿಕೆಯನ್ನು ತಿದ್ದಿಕೊಂಡರು, ಹೆಸರು ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ. ಒಮ್ಮೆ ಅಂಟಿದ ಹೆಸರು ಬೇಗ ಬಿಡುವುದಿಲ್ಲ, ಅಲ್ಲವೇ?

ಭುಗಿಲೇಳುವ ಬೆಳಕು

ದೊಡ್ಡ ಗೆಲಾಕ್ಸಿಗಳ ನಡುವೆ ಸಾಮಾನ್ಯವಾಗಿ ಒಂದು ಭಾರೀ ಕಪ್ಪುಕುಳಿ ಇರುತ್ತದೆ. ನಮ್ಮ ಆಕಾಶಗಂಗೆಯ ನಡುವೆ ಇರುವುದು ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದು. 2019ರ ಏಪ್ರಿಲ್‌ನಲ್ಲಿ ಜಗತ್ತು ಮೊದಲ ಬಾರಿ ಚಿತ್ರದಲ್ಲಿ ಕಂಡ ಕಪ್ಪುಕುಳಿ ಎಂ87 ಎಂಬ ಗೆಲಾಕ್ಸಿಯದು. ಅದು ಸುಮಾರು 650 ಕೋಟಿ ಸೂರ್ಯರಷ್ಟು ತೂಕದ್ದು. ಕಪ್ಪುಕುಳಿಯಿಂದ ಬೆಳಕು ಹೊರಬರಲಾರದು ನಿಜ. ಆದರೆ ಅದರೊಳಕ್ಕೆ ಬೀಳಲಿರುವ ಅನಿಲ ಬಿರುಸಾಗಿ ಸುತ್ತುತ್ತಾ ಕಾದು ಹೊಳೆಯುತ್ತದೆ. ಕೆಲವು ಗೆಲಾಕ್ಸಿಗಳಲ್ಲಿ ಆ ನಡುವಿನಿಂದ ಎರಡು ಧಾರೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಚಿಮ್ಮಿ, ಸಾವಿರಾರು ಜ್ಯೋತಿರ್ವರ್ಷ ದೂರ ಸಾಗುತ್ತವೆ.

ಆ ಧಾರೆಗಳಿಂದ ಹೊರಡುವ ಬೆಳಕಿನಲ್ಲಿ ಅತ್ಯಂತ ತೀಕ್ಷ್ಣವಾದದ್ದು ಗಾಮಾ ಕಿರಣ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕಿಂತ ಸಾವಿರಾರು ಕೋಟಿ ಪಟ್ಟು ಹೆಚ್ಚು ಶಕ್ತಿಯ ಗಾಮಾ ಕಣಗಳು ಅಲ್ಲಿಂದ ಬರುತ್ತವೆ. ಭೂಮಿಯ ವಾತಾವರಣ ಅವನ್ನು ತಡೆಯುವುದರಿಂದ ನಾವು ಸುರಕ್ಷಿತರು. ಹಾಗಾಗಿ ಅವನ್ನು ನೇರವಾಗಿ ನೋಡಲು ಉಪಗ್ರಹವೇ ಬೇಕು. 1991ರ ಏಪ್ರಿಲ್‌ನಲ್ಲಿ ಅಮೆರಿಕ ಹಾರಿಸಿದ ಕಾಂಪ್ಟನ್ ವೀಕ್ಷಣಾಲಯ ಅದೇ ಜೂನ್‌ನಲ್ಲಿ 3ಸಿ 279 ಎಂಬ ದೂರದ ಗೆಲಾಕ್ಸಿ ಗಾಮಾ ಕಿರಣಗಳಲ್ಲಿ ಧಗಧಗಿಸುವುದನ್ನು ಕಂಡಿತು. 2008ರ ಜೂನ್‌ನಲ್ಲಿ ಹಾರಿದ ಫರ್ಮಿ ಉಪಗ್ರಹ ಸುಮಾರು ಮೂರು ಗಂಟೆಗೊಮ್ಮೆ ಇಡೀ ಆಕಾಶವನ್ನು ನೋಡಿಬಿಡಬಲ್ಲದು.

ನೆಲದ ಮೇಲಿನಿಂದಲೂ ಒಂದು ಉಪಾಯವಿದೆ. ಅತಿಶಕ್ತಿಯ ಗಾಮಾ ಕಣವೊಂದು ವಾತಾವರಣಕ್ಕೆ ಬಡಿದಾಗ ಸಾವಿರಾರು ಕಣಗಳ ಮಳೆ ಸುರಿಯುತ್ತದೆ, ಕ್ಷಣಮಾತ್ರ ಒಂದು ಮಂದ ನೀಲಿ ಹೊಳಪು ಮೂಡುತ್ತದೆ. ದೊಡ್ಡ ಕನ್ನಡಿಗಳಿಂದ ಆ ಹೊಳಪನ್ನು ಹಿಡಿಯಬಹುದು. ಹೀಗೆ ಅಮೆರಿಕದ ಆರಿಜೋನಾದಲ್ಲಿದ್ದ ವಿಪಲ್ ದೂರದರ್ಶಕ 1992ರಲ್ಲಿ ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರದ ಮಾರ್ಕೇರಿಯನ್ 421 ಎಂಬ ಗೆಲಾಕ್ಸಿಯನ್ನು ಕಂಡಿತು. 1996ರ ಮೇ ತಿಂಗಳಲ್ಲಿ ಅದೇ ಗೆಲಾಕ್ಸಿ ಭುಗಿಲೆದ್ದಾಗ ಅದರ ಗಾಮಾ ಬೆಳಕು ಒಂದು ಗಂಟೆಯೊಳಗೆ ಇಮ್ಮಡಿಯಾಯಿತು. 2006ರ ಜುಲೈಯಲ್ಲಿ ಆಫ್ರಿಕದ ನಮೀಬಿಯಾದಲ್ಲಿರುವ ಹೆಸ್ ದೂರದರ್ಶಕಗಳು ಪಿಕೆಎಸ್ 2155-304 ಎಂಬ ಗೆಲಾಕ್ಸಿಯ ಬೆಳಕು ಮೂರು ನಾಲ್ಕು ನಿಮಿಷಗಳಲ್ಲೇ ಏರಿಳಿಯುವುದನ್ನು ದಾಖಲಿಸಿದವು. ಲಕ್ಷಾಂತರ ವರ್ಷ ಬಾಳುವ ಧಾರೆ, ನಾವು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಭುಗಿಲೆದ್ದು ತಣ್ಣಗಾಗುತ್ತದೆ!

ಘಟ್ಟದ ದಾರಿಯ ಬಸ್ಸು

ಇಷ್ಟು ದೂರದ ಗೆಲಾಕ್ಸಿ ಇಷ್ಟು ಪ್ರಖರವಾಗಿ ಕಾಣುವುದಾದರೂ ಹೇಗೆ? 1978ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ವಿಜ್ಞಾನಿಗಳ ಸಭೆಯೊಂದು ನಡೆಯಿತು. ಬಿ.ಎಲ್. ಲ್ಯಾಸರ್ಟೆಯಂಥ ಕಾಯಗಳಿಗೆ 'ಬ್ಲೇಜರ್' ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ. ಅದೇ ಸಭೆಯಲ್ಲಿ ರೋಜರ್ ಬ್ಲ್ಯಾಂಡ್‌ಫರ್ಡ್ ಮತ್ತು ಮಾರ್ಟಿನ್ ರೀಸ್ ಒಂದು ಉತ್ತರವನ್ನು ಮುಂದಿಟ್ಟರು. ಈ ಕಾಯಗಳ ಧಾರೆ ಹೆಚ್ಚುಕಡಿಮೆ ನೇರವಾಗಿ ನಮ್ಮ ಕಡೆಗೇ ತಿರುಗಿದೆ, ಅದಕ್ಕಾಗಿಯೇ ಇವು ನಮಗೆ ಹೀಗೆ ಕಾಣುತ್ತವೆ ಎಂಬುದೇ ಆ ಉತ್ತರ.

ರಾತ್ರಿ ಹೊತ್ತು ಘಟ್ಟದ ದಾರಿಯಲ್ಲಿ ಎದುರಿನಿಂದ ಬಸ್ಸು ಬರುತ್ತದೆ ಎಂದುಕೊಳ್ಳಿ. ಅದರ ದೀಪದ ಎದುರು ನಿಂತವನಿಗೆ ಕಣ್ಣು ಕುಕ್ಕುವ ಬೆಳಕು ಬಿಟ್ಟು ಬೇರೇನೂ ಕಾಣದು. ರಸ್ತೆಯ ಪಕ್ಕದ ಚಹಾ ಅಂಗಡಿಯಲ್ಲಿ ಕೂತವನಿಗೆ ಬಸ್ಸಿನ ಬಣ್ಣ, ಊರಿನ ಬೋರ್ಡು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ ಪ್ರಯಾಣಿಕರು, ಎಲ್ಲವೂ ಕಾಣುತ್ತವೆ. ಬಸ್ಸು ಒಂದೇ, ನಿಂತ ಜಾಗ ಬೇರೆ.

ಗೆಲಾಕ್ಸಿಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಬೆಳಕಿನ ವೇಗದ ಸಮೀಪ ಓಡುವ ಧಾರೆ ತನ್ನ ಬೆಳಕನ್ನು ಮುಂದಿನ ಕೆಲವೇ ಡಿಗ್ರಿಗಳ ಕಿರಿದಾದ ಶಂಕುವಿನೊಳಗೆ ಹಿಂಡಿ ಕಳಿಸುತ್ತದೆ. ಆ ಶಂಕುವಿನೊಳಗೆ ನಿಂತವರಿಗೆ ಬೆಳಕು ಸಾವಿರಾರು ಪಟ್ಟು ಹೆಚ್ಚಾಗಿ ಕಾಣಬಹುದು. ಆಚೆ ದಿಕ್ಕಿಗೆ ಹೋಗುವ ಜೊತೆಧಾರೆ ಅಷ್ಟೇ ಮಂಕಾಗಿ ಕಣ್ಮರೆಯಾಗುತ್ತದೆ. ಅದೇ ಜಾತಿಯ ಗೆಲಾಕ್ಸಿಯನ್ನು ಪಕ್ಕದಿಂದ ನೋಡಿದರೆ ಭುಗಿಲೂ ಇಲ್ಲ, ಪ್ರಖರತೆಯೂ ಇಲ್ಲ. ಎರಡು ಧಾರೆಗಳು ಎರಡು ಬದಿಗೆ ಚಾಚಿಕೊಂಡ ಶಾಂತ ನೋಟ ಮಾತ್ರ. ಸಿಗ್ನಸ್ ಎ ಎಂಬ ರೇಡಿಯೋ ಗೆಲಾಕ್ಸಿ ನಮಗೆ ಕಾಣುವುದು ಹೀಗೆ. ನಮ್ಮತ್ತ ತಿರುಗಿದ ಒಂದೊಂದು ಬ್ಲೇಜರ್‌ಗೂ ಬೇರೆ ಕಡೆ ತಿರುಗಿದವು ನೂರಾರು ಇರಬೇಕು ಎಂಬುದು ಲೆಕ್ಕಾಚಾರ. ಬೇರೆ ಬೇರೆ ಹೆಸರಿನಿಂದ ಕರೆದ ಎಷ್ಟೋ ಕಾಯಗಳು ಮೂಲದಲ್ಲಿ ಒಂದೇ ಬಗೆಯವು, ಅವುಗಳ ಕಡೆಗೆ ನಮ್ಮ ನೋಟದ ಕೋನ ಮಾತ್ರ ಬೇರೆ ಎಂಬ ಈ ವಿಚಾರವನ್ನು ಖಗೋಳ ವಿಜ್ಞಾನದಲ್ಲಿ ಏಕೀಕೃತ ಮಾದರಿ ಎನ್ನುತ್ತಾರೆ.

ತೀರ್ಪಿನ ಮೊದಲ ಪಾಠ

ಈಗ ನಮ್ಮ ಊರಿಗೆ ಬರೋಣ. ಹತ್ತು ವರ್ಷದ ಹಿಂದೆ ಸಭೆಯೊಂದರಲ್ಲಿ ಒಬ್ಬರು ಕೋಪದಿಂದ ಮೇಜು ಕುಟ್ಟಿ ಎದ್ದುಹೋದರು. ಅಂದಿನಿಂದ ಅವರ ಹೆಸರು 'ಸಿಡುಕ'. ಸೊಸೆ ಮದುವೆಯಾದ ಮೊದಲ ವಾರದಲ್ಲಿ ಒಮ್ಮೆ ಎದುರುತ್ತರ ಕೊಟ್ಟಳು. ಅಂದಿನಿಂದ ಅವಳು 'ಬಾಯಿಬಡುಕಿ'. ಮೇಜು ಕುಟ್ಟಿದವರ ಮನೆಯಲ್ಲಿ ಆ ದಿನ ಏನು ನಡೆದಿತ್ತೋ, ಸೊಸೆಗೆ ಅದಕ್ಕೆ ಮೊದಲು ಯಾರು ಏನು ಅಂದಿದ್ದರೋ, ಕೇಳಿದವರು ಯಾರು? ಭುಗಿಲು ನಮ್ಮತ್ತ ತಿರುಗಿತ್ತು, ನಮಗೆ ಅಷ್ಟೇ ಸಾಕಾಯಿತು.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯಾಲಾಜಿಯೆ' ಗ್ರಂಥದಲ್ಲಿ ಇಂಥ ದುಡುಕಿನ ತೀರ್ಪನ್ನು ವಿವರವಾಗಿ ಚರ್ಚಿಸಿದ್ದಾರೆ. ಅಲ್ಪ ಗುರುತುಗಳನ್ನು ಕಂಡು ಇನ್ನೊಬ್ಬನನ್ನು ಕೆಟ್ಟವನೆಂದು ನಿಶ್ಚಯಿಸುವುದು ಅವನಿಗೆ ಮಾಡುವ ಅನ್ಯಾಯ ಎನ್ನುತ್ತಾರೆ ಅವರು. ಸಂಶಯವಿದ್ದಲ್ಲಿ ಒಳ್ಳೆಯ ಅರ್ಥವನ್ನೇ ಹಚ್ಚಬೇಕು. ಕೆಟ್ಟವನನ್ನು ಒಳ್ಳೆಯವನೆಂದು ತಿಳಿದು ಹಲವು ಸಲ ಮೋಸಹೋದರೂ ಸರಿ, ಒಳ್ಳೆಯವನನ್ನು ಕೆಟ್ಟವನೆಂದು ತಿಳಿಯುವ ತಪ್ಪು ಅಪರೂಪಕ್ಕೂ ಬೇಡ ಎಂಬುದು ಅವರ ವಾದ. ಮೊದಲನೆಯದರಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ, ಎರಡನೆಯದರಲ್ಲಿ ನಿರಪರಾಧಿಗೆ ಅನ್ಯಾಯವಾಗುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಈ ಲೇಖನ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಹೀಗೆ ಅರ್ಧಕ್ಕೆ ನಿಲ್ಲಿಸಿದ ಬೋಧನೆಯಿಂದ ಎಷ್ಟೋ ಮನೆಗಳಲ್ಲಿ ಹಾನಿಯಾಗಿದೆ. ಆಕಾಶದ ಕಥೆಯೂ ಇಲ್ಲಿಗೆ ಮುಗಿಯುವುದಿಲ್ಲ.

ಬೆಳಕಿಲ್ಲದ ಹೊತ್ತಿನ ಸಾಕ್ಷಿ

ಒಂದು ಗೆಲಾಕ್ಸಿಯನ್ನು ತಿಳಿಯಲು ಒಂದೇ ಸಾಕ್ಷಿ ಸಾಲದು ಎಂದು ವಿಜ್ಞಾನಿಗಳು ಬಹುಬೇಗ ಅರಿತುಕೊಂಡರು. 2010ರ ಫೆಬ್ರವರಿಯಲ್ಲಿ ಮಾರ್ಕೇರಿಯನ್ 421 ಮತ್ತೆ ಭುಗಿಲೆದ್ದಾಗ ಅದನ್ನು ನೋಡಿದ ಉಪಕರಣಗಳಲ್ಲಿ ನಮ್ಮ ದೇಶದ್ದೂ ಒಂದು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಲಡಾಖಿನ ಹಾನ್ಲೆಯಲ್ಲಿ, 4,000 ಮೀಟರಿಗೂ ಮಿಕ್ಕ ಎತ್ತರದಲ್ಲಿ, ಏಳು ದೂರದರ್ಶಕಗಳ ಒಂದು ಸಾಲನ್ನು ನಿಲ್ಲಿಸಿದ್ದವು. ಅದರ ಹೆಸರು 'ಹಾಗರ್'. ಕೆಲವು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳಿಂದ ಆದ ಹೆಸರು ಅದು. ಆದರೆ ಬೈಬಲ್ ಓದಿದವರಿಗೆ ಆ ಹೆಸರಿನ ಹೆಣ್ಣು ನೆನಪಾಗದೆ ಇರುವುದಿಲ್ಲ. ಆಕೆಯ ಮಾತಿಗೆ ಆಮೇಲೆ ಬರುತ್ತೇನೆ.

ದಕ್ಷಿಣ ಧ್ರುವದಲ್ಲಿ ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೊಳಗೆ 5,160 ಸೂಕ್ಷ್ಮ ಕಣ್ಣುಗಳನ್ನು ಇಳಿಬಿಟ್ಟ 'ಐಸ್‌ಕ್ಯೂಬ್' ಎಂಬ ವೀಕ್ಷಣಾಲಯವಿದೆ. ಅದು ನ್ಯೂಟ್ರಿನೊ ಎಂಬ ಕಣಗಳಿಗಾಗಿ ಕಾಯುತ್ತದೆ. ಇವು ಗೋಡೆ, ಬೆಟ್ಟ, ಇಡೀ ಭೂಮಿಯನ್ನೇ ಹಾಯ್ದುಹೋಗುವ, ಬಲು ಅಪರೂಪಕ್ಕೆ ಎಲ್ಲೋ ಡಿಕ್ಕಿಯಾಗುವ ಕಣಗಳು. 2017ರ ಸೆಪ್ಟೆಂಬರ್ 22ರಂದು ಅತಿಶಕ್ತಿಯ ಒಂದು ನ್ಯೂಟ್ರಿನೊ ಸಿಕ್ಕಿತು. ಒಂದು ನಿಮಿಷದೊಳಗೆ ಲೋಕದ ವೀಕ್ಷಣಾಲಯಗಳಿಗೆಲ್ಲ ಸುದ್ದಿ ಹೋಯಿತು. ಅದು ಬಂದ ದಿಕ್ಕಿನಲ್ಲಿ ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜರ್ ಗಾಮಾ ಕಿರಣಗಳಲ್ಲಿ ಭುಗಿಲೆದ್ದಿರುವುದನ್ನು ಫರ್ಮಿ ಉಪಗ್ರಹ ಕಂಡಿತು. ಕ್ಯಾನರಿ ದ್ವೀಪದ ಮ್ಯಾಜಿಕ್ ದೂರದರ್ಶಕಗಳೂ ಕಂಡವು.

ಇನ್ನೂ ಮುಖ್ಯವಾದದ್ದು ಅನಂತರ ನಡೆದದ್ದು. ವಿಜ್ಞಾನಿಗಳು ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. 2014ರ ಕೊನೆಯಿಂದ 2015ರ ಆರಂಭದವರೆಗೆ ಅದೇ ದಿಕ್ಕಿನಿಂದ ನಿರೀಕ್ಷೆಗಿಂತ ಸುಮಾರು 13 ನ್ಯೂಟ್ರಿನೊಗಳು ಹೆಚ್ಚಾಗಿ ಬಂದಿದ್ದವು. ಆದರೆ ಆ ತಿಂಗಳುಗಳಲ್ಲಿ ಗಾಮಾ ಭುಗಿಲು ಇರಲಿಲ್ಲ! ಬೆಳಕನ್ನಷ್ಟೇ ನೋಡಿದವರಿಗೆ ಅದು ಸುಮ್ಮನಿದ್ದ ಕಾಲ. ಬೇರೊಂದು ಸಾಕ್ಷಿಗೆ ಕಿವಿಗೊಟ್ಟ ಮೇಲೆ, ಒಳಗೆ ಏನೋ ಬಿರುಸಾಗಿ ನಡೆಯುತ್ತಿದ್ದಿರಬೇಕು ಎಂದು ತೋರಿತು. ಆದರೂ 2018ರ ಜುಲೈಯಲ್ಲಿ ಇದನ್ನು ಪ್ರಕಟಿಸುವಾಗ ವಿಜ್ಞಾನಿಗಳು ಅಳತೆಯ ಮಾತನ್ನೇ ಆಡಿದರು, 'ಬಲವಾದ ಸುಳಿವು' ಎಂಬಲ್ಲಿಗೆ ನಿಂತರು.

ಹೊರಗೆ ಭುಗಿಲು ಕಾಣದಿದ್ದ ಮಾತ್ರಕ್ಕೆ ಒಳಗೆ ಎಲ್ಲವೂ ನೆಮ್ಮದಿಯಾಗಿದೆ ಎನ್ನುವಂತಿಲ್ಲ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಈಗ ಮನೆಯೊಳಗೆ ಹೆಜ್ಜೆಯಿಡೋಣ.

ಧಾರೆಯ ಎದುರು ನಿಂತವರು

ನಾನು ಯಾವುದೋ ಒಂದು ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿಲ್ಲ. ಎಲ್ಲ ಊರುಗಳಲ್ಲೂ, ಎಲ್ಲ ಮತದವರಲ್ಲೂ ಇರುವ ಸಂಗತಿ ಇದು. ಒಬ್ಬ ಗೃಹಸ್ಥರು ಊರಿಗೆಲ್ಲ ಬೇಕಾದವರು. ಹಬ್ಬದ ಕೆಲಸಕ್ಕೆ ಮುಂದು, ಬಡವರ ಮದುವೆಗೆ ಕೈಯೆತ್ತಿ ಕೊಡುವವರು, ನಗುಮೊಗದವರು. ಒಂದು ದಿನ ಅವರ ಹೆಂಡತಿ ನೆರೆಮನೆಯ ಅಕ್ಕನ ಹತ್ತಿರ ತಡವರಿಸುತ್ತಾ ಹೇಳುತ್ತಾರೆ, "ಅಕ್ಕಾ, ಮನೆಯಲ್ಲಿ ಇವರು ಕೈಮಾಡುತ್ತಾರೆ." ಉತ್ತರ ಏನು ಸಿಗುತ್ತದೆ? "ಛೆ, ಏನಮ್ಮಾ ಹೀಗಂತೀಯ! ಅಂಥ ದೇವರಂಥ ಮನುಷ್ಯನ ಮೇಲೆ ಹೀಗೆ ಹೇಳಬಹುದೇ? ನೀನೇ ಸ್ವಲ್ಪ ಹೊಂದಿಕೊಂಡು ಹೋಗು."

ಅಕ್ಕ ಸುಳ್ಳು ಹೇಳುತ್ತಿಲ್ಲ. ಆಕೆ ಪಕ್ಕದಿಂದ ನೋಡಿದವರು. ಆಕೆಗೆ ಕಂಡದ್ದು ಬಸ್ಸಿನ ಬಣ್ಣ, ಬೋರ್ಡು, ನೆಮ್ಮದಿಯ ಪ್ರಯಾಣಿಕರು. ಆದರೆ ದೀಪದ ಎದುರು ನಿಂತ ಹೆಣ್ಣೂ ಸುಳ್ಳು ಹೇಳುತ್ತಿಲ್ಲ. ಇಡೀ ಊರಿಗೆ ಕಾಣದ ಉರಿ ಆಕೆಯೊಬ್ಬಳ ಕಡೆಗೇ ತಿರುಗಿದೆ. ಎಲ್ಲವೂ ನೋಡುವವರ ದೃಷ್ಟಿಯಲ್ಲಿದೆ ಎಂದು ಹೇಳಿ ಕೈತೊಳೆದುಕೊಳ್ಳಲು ಬ್ಲೇಜರ್‌ಗಳ ಕಥೆ ಅವಕಾಶ ಕೊಡುವುದಿಲ್ಲ. ನೋಟ ಕೋನದಿಂದ ಬದಲಾಗುತ್ತದೆ, ಧಾರೆ ಮಾತ್ರ ನಿಜವಾದದ್ದು. ಶಂಕುವಿನ ಹೊರಗೆ ನಿಂತು "ನನಗೆ ಏನೂ ಕಾಣುತ್ತಿಲ್ಲ, ಆದ್ದರಿಂದ ಏನೂ ಇಲ್ಲ" ಎನ್ನುವವನು ಅರ್ಧ ಸತ್ಯವನ್ನೇ ಪೂರ್ಣ ಸತ್ಯವೆಂದು ಹಿಡಿದಿರುತ್ತಾನೆ.

ಅಬ್ರಹಾಮನನ್ನು ನಾವು ವಿಶ್ವಾಸಿಗಳ ಪಿತನೆಂದು ಕರೆಯುತ್ತೇವೆ, ಅದು ನಿಜವೇ. ಅದೇ ಮನೆಯಿಂದ ಒಂದಿಷ್ಟು ರೊಟ್ಟಿ, ಒಂದು ತಿತ್ತಿ ನೀರು ಹೊತ್ತು, ಮಗನನ್ನು ಕರೆದುಕೊಂಡು ಮರಳುಗಾಡಿಗೆ ಹೊರಟ ದಾಸಿ ಹಾಗರಳಿಗೆ ಕಂಡ ಮುಖ ಬೇರೆ. ಆದಿಕಾಂಡ ಎರಡನ್ನೂ ಬರೆದಿಟ್ಟಿದೆ. ದೊಡ್ಡವನ ಹೆಸರಿಗೆ ಕುಂದು ಬಂದೀತೆಂದು ದಾಸಿಯ ಕಣ್ಣೀರನ್ನು ಅಳಿಸಿಹಾಕಿಲ್ಲ.

ಹಾಗಾದರೆ ಸಂಶಯವಿದ್ದಲ್ಲಿ ಒಳ್ಳೆಯ ಅರ್ಥ ಹಚ್ಚಬೇಕೆಂಬ ಅಕ್ವಿನಾಸರ ಮಾತು? ಅದೇ ಚರ್ಚೆಯಲ್ಲಿ ಅವರ ಇನ್ನೊಂದು ಮಾತೂ ಇದೆ, ಅದನ್ನು ಓದುವವರು ಕಡಿಮೆ. ವ್ಯಕ್ತಿಯನ್ನು ತೂಗುವಾಗ ಒಳ್ಳೆಯದನ್ನೇ ಊಹಿಸಬೇಕು. ಆದರೆ ಕೆಡುಕಿಗೆ ಮದ್ದು ಮಾಡುವಾಗ ಹೆಚ್ಚಿನ ಕೆಡುಕೇ ಇದೆ ಎಂದುಕೊಂಡು ಮದ್ದು ಮಾಡುವುದು ಲೇಸು, ಏಕೆಂದರೆ ದೊಡ್ಡ ರೋಗಕ್ಕೆ ನಾಟುವ ಔಷಧ ಸಣ್ಣ ರೋಗಕ್ಕೂ ನಾಟುತ್ತದೆ. ಎಷ್ಟು ವಿವೇಕದ ಮಾತು ನೋಡಿ! ಹೆಂಡತಿ ಬಂದು ದೂರು ಹೇಳಿದಾಗ ಗಂಡನನ್ನು ಅಂದೇ ರಾಕ್ಷಸನೆಂದು ಸಾರಬೇಕಾಗಿಲ್ಲ. ಆದರೆ ಆಕೆಯ ಮಾತು ನಿಜವಿರಬಹುದು ಎಂದು ನಡೆದುಕೊಂಡು, ಆಕೆಗೂ ಮಕ್ಕಳಿಗೂ ಆ ರಾತ್ರಿಯೇ ಸುರಕ್ಷಿತ ಜಾಗ ಒದಗಿಸಬೇಕು. ವಿಚಾರಣೆ ನಾಳೆ ಆಗಲಿ, ರಕ್ಷಣೆ ಇಂದೇ ಆಗಲಿ. ನಮ್ಮ ದೇಶದಲ್ಲಿ 2005ರಲ್ಲಿ ಆದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆಯೂ ರಕ್ಷಣೆಯ ಆದೇಶಕ್ಕೆ, ಅದೇ ಮನೆಯಲ್ಲಿ ವಾಸದ ಹಕ್ಕಿಗೆ ದಾರಿ ಮಾಡಿಕೊಟ್ಟಿದೆ.

ಹಳೆಯ ಬೆಳಕು, ಇಂದಿನ ಮನುಷ್ಯ

ಇನ್ನೊಂದು ಮಾತು ಉಳಿದಿದೆ. 1996ರಲ್ಲಿ ನಾವು ಕಂಡ ಮಾರ್ಕೇರಿಯನ್ 421ರ ಭುಗಿಲು ನಿಜವಾಗಿ ಎದ್ದದ್ದು ಸುಮಾರು 40 ಕೋಟಿ ವರ್ಷಗಳ ಹಿಂದೆ. ಬೆಳಕು ನಮ್ಮನ್ನು ತಲುಪುವ ಹೊತ್ತಿಗೆ ಆ ಗೆಲಾಕ್ಸಿ ತನ್ನ ದಾರಿಯಲ್ಲಿ ಎಷ್ಟೋ ಮುಂದೆ ಹೋಗಿರುತ್ತದೆ. ಮನುಷ್ಯರ ವಿಷಯದಲ್ಲೂ ನಾವು ಹಳೆಯ ಬೆಳಕನ್ನೇ ಹಿಡಿದು ಕೂರುತ್ತೇವೆ. ಇಪ್ಪತ್ತು ವರ್ಷದ ಹಿಂದೆ ಕುಡಿದು ಬೀದಿಯಲ್ಲಿ ಬಿದ್ದವನು ಹದಿನೈದು ವರ್ಷದಿಂದ ಒಂದು ಹನಿಯನ್ನೂ ಮುಟ್ಟಿಲ್ಲ. ಆದರೂ ಅವನ ಮಗಳಿಗೆ ಗಂಡು ನೋಡುವಾಗ ಜನ ಆ ಹಳೆಯ ಬೀದಿಯನ್ನೇ ನೆನೆಯುತ್ತಾರೆ.

ಇಲ್ಲಿ ಗೆಲಾಕ್ಸಿಗೂ ಮನುಷ್ಯನಿಗೂ ಇರುವ ಅಂತರವನ್ನು ಮರೆಯಬಾರದು. ಗೆಲಾಕ್ಸಿ ತನ್ನ ಧಾರೆಯನ್ನು ತಾನಾಗಿ ಆರಿಸಿಕೊಂಡದ್ದಲ್ಲ. ಅದಕ್ಕೆ ಮನಸ್ಸಿಲ್ಲ, ಆದ್ದರಿಂದ ಅಪರಾಧವೂ ಇಲ್ಲ. ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವಿದೆ. ತನ್ನ ಉರಿ ಯಾರ ಮೇಲೆ ಬೀಳುತ್ತಿದೆ ಎಂದು ಅವನು ಕಾಣಬಲ್ಲ, ತಿರುಗಬಲ್ಲ, ತಣ್ಣಗಾಗಬಲ್ಲ. ಅದಕ್ಕಾಗಿಯೇ ಅವನನ್ನು ಹೊಣೆಗಾರನೆನ್ನುತ್ತೇವೆ. ಅದಕ್ಕಾಗಿಯೇ ಅವನ ಪಶ್ಚಾತ್ತಾಪವನ್ನೂ ನಂಬಲು ಸಿದ್ಧರಿರಬೇಕು. ಆದರೆ ಪಶ್ಚಾತ್ತಾಪ ನಿಜವೋ ಅಲ್ಲವೋ ಎಂಬುದಕ್ಕೆ ಊರಿನವರ ಮೆಚ್ಚುಗೆ ಸಾಕ್ಷಿಯಾಗಲಾರದು. ಧಾರೆಯ ಎದುರು ನಿಂತಿದ್ದವರೇ ಅದನ್ನು ಹೇಳಬೇಕು, ಅವರು ಹೇಳುವವರೆಗೆ ಕಾಯುವ ತಾಳ್ಮೆ ಉಳಿದವರಿಗೆ ಬೇಕು. "ಅವನು ಬದಲಾಗಿದ್ದಾನೆ, ಇನ್ನು ಮರೆತುಬಿಡಮ್ಮಾ" ಎಂದು ಆಕೆಯನ್ನು ಅವಸರಪಡಿಸುವ ಹಕ್ಕು ನಮಗಿಲ್ಲ.

ಪ್ರಿಯ ಓದುಗರೇ, ಈ ವಾರ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಒಂದು ಭುಗಿಲನ್ನಷ್ಟೇ ಕಂಡು ನಾವು ಹೆಸರಿಟ್ಟವರು ಯಾರು? ನಾವು ಒಳ್ಳೆಯ ಮುಖವನ್ನಷ್ಟೇ ಕಂಡದ್ದರಿಂದ ನಾವು ನಂಬದೆ ಹೋದವರು ಯಾರು? ಊರಿಗೆ ಕಾಣದ ನನ್ನ ಉರಿ ಈ ಮನೆಯಲ್ಲಿ ಯಾರ ಕಡೆಗೆ ತಿರುಗಿದೆ? ಮೊದಲ ಎರಡು ಪ್ರಶ್ನೆಗಳನ್ನು ಎಲ್ಲರೂ ಕೂಡಿ ಚರ್ಚಿಸಬಹುದು. ಮೂರನೆಯದಕ್ಕೆ ಉತ್ತರ ಬೇಕಾದರೆ, ನಮ್ಮ ಎದುರು ಕೂತವರು ಹೆದರದೆ ಮಾತನಾಡಲು ನಾವು ಮೊದಲು ಎಡೆ ಮಾಡಿಕೊಡಬೇಕು.